ಭಾನಪ್ಪ ಮುಯ್ಯಾಳಾಗಿ ಬಂದ ವರ್ಷ

ಮೊನ್ನೆ ಮಳವಳ್ಳಿಯಲ್ಲಿ ಒಂದು ನಾಮಕರಣ ಮುಗಿಸಿಕೊಂಡು ತಮ್ಮನ ಮಗನ ಕಾರಿನಲ್ಲಿ ಮದ್ದೂರಿಗೆ ಬರುತ್ತಿದ್ದೆ. ದಾರಿಯಲ್ಲಿ ಒಂದು ಕಡೆ ಕಿಟಕಿಯಿಂದ ಪಾಕದ ವಾಸನೆ ನುಗ್ಗಿತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಕುದ್ದು ಬೆಲ್ಲಕ್ಕೆ ತಿರುಗುವ ಹೊತ್ತಿನ ವಾಸನೆ, ಜೊತೆಗೆ ಒಲೆಗೆ ತುರುಕಿದ ಒಣ ಸಿಪ್ಪೆಯ ಹೊಗೆ. "ನಿಲ್ಸೋ, ನಿಲ್ಸೋ" ಅಂದೆ. ನನಗೆ ವಾಂತಿ ಬಂತೇನೋ ಅಂತ ಅವನು ಗಾಬರಿಯಾಗಿ ಗಾಡಿ ಪಕ್ಕಕ್ಕೆ ಹಾಕಿ, ನೀರಿನ ಬಾಟಲು ಹಿಡಿದು ಓಡಿಬಂದ. ಅಷ್ಟು ಹೊತ್ತಿಗೆ ನಾನು ಆಲೆಮನೆಯ ಕಡೆ ಅರ್ಧ ದಾರಿ ನಡೆದಿದ್ದೆ. "ಅತ್ತೆ, ಇಲ್ಲಿ ಯಾರು ಗೊತ್ತು ನಿಂಗೆ?" ಅಂದ. ಯಾರೂ ಗೊತ್ತಿರಲಿಲ್ಲ. ಆ ವಾಸನೆಗೆ ನೆನಪಾದವನು ಅಲ್ಲೆಲ್ಲೂ ಇರುವವನೂ ಅಲ್ಲ. ಅವನು ನೈಜೀರಿಯಾದವನು. ನಗಬೇಡಿ, ಆಫ್ರಿಕಾದ ನೈಜೀರಿಯಾವೇ. ಎಪ್ಪತ್ತರ ದಶಕದ ನಡುವೆ ಒಂದು ವರ್ಷ ಅವನು ಆತಗೂರಿನ ನಮ್ಮ ಮನೆಯಲ್ಲಿದ್ದ.

ಅವನ ದೇಶದಲ್ಲಿ ಆಗ ಹೊಸದಾಗಿ ಕಬ್ಬು ಬೆಳೆಯಲು ಹೊರಟಿದ್ದರು. ಕೆಲಸ ಕಲಿತು ಬರಲಿ ಅಂತ ಸರ್ಕಾರ ಕೆಲವು ಹುಡುಗರನ್ನು ಮಂಡ್ಯಕ್ಕೆ ಕಳಿಸಿತ್ತು. ಪಾಠ ಮುಗಿದ ಮೇಲೆ ಒಂದು ಬೆಳೆಯ ಕಾಲ ರೈತರ ಮನೆಯಲ್ಲಿದ್ದು ಕೈಯಾರೆ ಮಾಡಿ ಕಲಿಯಬೇಕು. ಯಾರು ಇಟ್ಟುಕೊಳ್ಳುತ್ತೀರಿ ಅಂತ ಅಧಿಕಾರಿಗಳು ಸಭೆಯಲ್ಲಿ ಕೇಳಿದಾಗ ಎಲ್ಲರೂ ಸೂರು ನೋಡಿದರಂತೆ. ನಮ್ಮಪ್ಪ ಚನ್ನೇಗೌಡ ಮಾತ್ರ ಕೈ ಎತ್ತಿದ. ಅಪ್ಪನಿಗೆ ಸಭೆಯಲ್ಲಿ ಕೈ ಎತ್ತುವ ಚಟ. ಯಾವುದಕ್ಕೆ ಎತ್ತಿದೆ ಅನ್ನುವುದು ಮನೆಗೆ ಬಂದು ಅವ್ವನಿಗೆ ಹೇಳುವಾಗ ಮಾತ್ರ ಅವನಿಗೇ ಅರಿವಾಗುತ್ತಿತ್ತು.

"ಯಾವೂರೋನ್ನೋ ಮನೇಗ್ ಕರ್ಕಬತ್ತೀಯಲ್ಲ, ಅವ್ನು ಏನ್ ಉಣ್ತಾನೆ ಏನ್ ಬುಡ್ತಾನೆ ಗೊತ್ತಾ ನಿಂಗೆ?" ಅಂತ ಅವ್ವ ಒಂದು ವಾರ ಕೂಗಾಡಿದಳು. ಆ ವಾರವೆಲ್ಲ ಅಪ್ಪ ಊಟಕ್ಕೆ ಬಿಟ್ಟರೆ ಮನೆಯೊಳಗೆ ಕಾಲಿಡಲಿಲ್ಲ.

ಬಂದವನು ನಮ್ಮ ಬಾಗಿಲಿಗೆ ಎರಡು ಸಲ ಬಗ್ಗಬೇಕಾದಷ್ಟು ಎತ್ತರದ ಆಳು. ಕೈ ಮುಗಿದು, ತನ್ನ ಹೆಸರು ಸಂಡೇ ಅಂದ. ನಾನು ಆ ವರ್ಷ ಮದ್ದೂರಿನಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಊರಿನಲ್ಲಿ ಇಂಗ್ಲಿಷ್ ಓದಿದ ಹುಡುಗಿ ನಾನೊಬ್ಬಳೇ ಆದ್ದರಿಂದ ಮಾತು ದಾಟಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. "ಹೆಸರು ಭಾನುವಾರ ಅಂತೆ" ಅಂದೆ. ಬಾಗಿಲಲ್ಲಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವ್ವ ಮಾತ್ರ ನಗಲಿಲ್ಲ. "ಅದ್ರಾಗ್ ನಗೋದೇನೈತೆ? ಬಾನ್ವಾರ ಉಟ್ಟವ್ನೆ, ಅದ್ನೇ ಇಕ್ಕವ್ರೆ. ನಮ್ಮಲ್ಲಿ ಸೋಮಣ್ಣ ಇಲ್ವಾ, ಮಂಗಳಮ್ಮ ಇಲ್ವಾ?" ಅಂದಳು. ಅವತ್ತಿನಿಂದ ಅವನು ಭಾನಪ್ಪ.

ಊಟಕ್ಕೆ ಕೂತಾಗ ಮುದ್ದೆಯ ಮುಂದೆ ಇವನು ಒದ್ದಾಡುವುದನ್ನು ನೋಡಲು ಅಕ್ಕಪಕ್ಕದವರು ಹೋಗದೆ ನಿಂತೇ ಇದ್ದರು. ಬೆಂಗಳೂರಿನಿಂದ ಬಂದ ನಮ್ಮ ನೆಂಟರೇ ಅದನ್ನು ಅಗಿದು ಅಗಿದು ಅಳುಮುಖ ಮಾಡುತ್ತಾರೆ. ಇವನು ಬಲಗೈಯಲ್ಲಿ ಒಂದು ತುಂಡು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಗುಳುಕ್ಕನೆ ನುಂಗಿದ. ಹಲ್ಲು ತಾಗಿಸಲಿಲ್ಲ. ಇನ್ನೊಂದು ತುತ್ತು, ಗುಳುಕ್. ಅವನ ಊರಿನಲ್ಲಿ ಗೆಣಸಿನಂಥ ಒಂದು ಗೆಡ್ಡೆಯನ್ನು ಬೇಯಿಸಿ, ಒನಕೆಯಲ್ಲಿ ಕುಟ್ಟಿ, ಮುದ್ದೆ ಕಟ್ಟಿ ಹೀಗೇ ನುಂಗುತ್ತಾರಂತೆ. ಅವ್ವ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಲೇ ಜಯಿ, ಇವ್ನು ನಮ್ಮೋನೇ ಕಣಮ್ಮಿ!" ಅಂದವಳೇ ಕೇಳದೆ ಇನ್ನೊಂದು ಮುದ್ದೆ ಇಟ್ಟಳು.

ಅವನ ಪೆಟ್ಟಿಗೆಯಲ್ಲಿ ಒಂದು ಕ್ಯಾಲೆಂಡರಿತ್ತು. ಅದರ ಮೇಲೆ ಅವರ ದೇಶದ ಅಧ್ಯಕ್ಷನ ಫೋಟೋ. ಮಿಲಿಟರಿ ಟೋಪಿ, ನಗುಮುಖ, ಚಿಕ್ಕ ವಯಸ್ಸು. ನಮ್ಮ ಮನೆಯಲ್ಲಿ ಖಾಲಿ ಮೊಳೆ ಇದ್ದದ್ದು ದೇವರ ಪಟಗಳ ಸಾಲಿನಲ್ಲಿ ಮಾತ್ರ, ಅಲ್ಲೇ ತಗುಲಿಹಾಕಿದ. ಶುಕ್ರವಾರ ಅವ್ವ ಪೂಜೆ ಮಾಡಿ, ಸಾಲಾಗಿ ಎಲ್ಲ ಪಟಕ್ಕೂ ಕುಂಕುಮ ಇಡುತ್ತಾ ಹೋದವಳು ಅಧ್ಯಕ್ಷನ ಹಣೆಗೂ ಇಟ್ಟಳು. "ಅವ್ವ, ಅದು ದೇವರಲ್ಲ, ಅವರ ಅಧ್ಯಕ್ಷ" ಅಂತ ನಾನು ಕೂಗಿದೆ. "ಇರ್ಲಿ ಬುಡು, ಸಾಲ್ನಲ್ಲವ್ನೆ. ಒಬ್ಬುನ್ಗೆ ಬುಟ್ರೆ ಸೆಂದಾಗಿರ್ತದಾ?" ಅಂದಳು. ಭಾನಪ್ಪನಿಗೆ ಇದನ್ನು ಹೇಳಿದಾಗ ಅವನ ಮುಖ ಎಷ್ಟು ಅರಳಿತು ಅಂದರೆ, ಆಮೇಲೆ ಪ್ರತಿ ಶುಕ್ರವಾರ ಅವ್ವನ ಹಿಂದೆಯೇ ನಿಂತು ನೋಡುತ್ತಿದ್ದ.

ಆ ಅಧ್ಯಕ್ಷನ ವಿಷಯ ಬಂದರೆ ಅವನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅವರ ದೇಶದಲ್ಲಿ ಕೆಲವು ವರ್ಷದ ಹಿಂದೆ ದೊಡ್ಡ ಯುದ್ಧ ನಡೆದಿತ್ತು. ಹೊರಗಿನವರ ಜೊತೆಯಲ್ಲ, ಅವರವರಲ್ಲೇ. ಪೂರ್ವದ ಕಡೆಯವರು ಬೇರೆ ಹೋಗುತ್ತೇವೆ ಅಂದರು, ಉಳಿದವರು ಬಿಡುವುದಿಲ್ಲ ಅಂದರು. ಕಡೆಗೆ ಪೂರ್ವದವರು ಸೋತರು. ಗೆದ್ದ ಈ ಅಧ್ಯಕ್ಷ, ಇನ್ನು ಆ ಕಡೆ ಈ ಕಡೆ ಅನ್ನುವುದು ಬೇಡ, ದೇಶ ಒಂದೇ, ಎಲ್ಲರೂ ಸಮ ಅಂತ ಸಾರಿದ್ದನಂತೆ. ಭಾನಪ್ಪ ಗೆದ್ದ ಕಡೆಯವನು. ಗೆದ್ದವನಿಗೆ ಒಗ್ಗಟ್ಟಿನ ಮಾತು ಸುಲಭ, ಇವನಿಗ್ಯಾಕೆ ಇಷ್ಟು ಹುಚ್ಚು ಅಂತ ನನಗೆ ಅನ್ನಿಸುತ್ತಿತ್ತು. ಕಾರಣ ಹೊರಗೆಳೆದವಳು ಅವ್ವ. "ವಯಸ್ಸಾಗೈತೆ, ಮದ್ವೆ ಗಿದ್ವೆ ಏನ್ಕತೆ ಕೇಳಮ್ಮಿ" ಅಂದಳು. ಕೇಳಿದೆ.

ಹುಡುಗಿ ಇದ್ದಳು. ನ್ಗೋಜಿ ಅಂತ, ಶಾಲೆಯಲ್ಲಿ ಟೀಚರು. ಅವಳು ಸೋತ ಕಡೆಯವಳು. ಅವಳ ತಂದೆ ರೈಲ್ವೆಯಲ್ಲಿದ್ದು, ದುಡಿದದ್ದನ್ನೆಲ್ಲ ಹಾಕಿ ಒಂದು ಬಂದರು ಪಟ್ಟಣದಲ್ಲಿ ಮನೆ ಕಟ್ಟಿಸಿದ್ದ. ಯುದ್ಧದಲ್ಲಿ ಮನೆ ಬಿಟ್ಟು ಓಡಿದ. ತಿರುಗಿ ನೋಡುವಷ್ಟರಲ್ಲಿ ಬೇರೆಯವರು ಒಳಗೆ ಸೇರಿಕೊಂಡಿದ್ದರು. ಈಗ ಹಳ್ಳಿಯಲ್ಲಿ ತಮ್ಮನ ಮನೆಯ ಹಜಾರದಲ್ಲಿ ಸಂಸಾರ. ಭಾನಪ್ಪ ಹೆಣ್ಣು ಕೇಳಲು ಹೋದಾಗ ಆ ಮುದುಕ ಹೇಳಿದ್ದು ಇಷ್ಟು: ಎಲ್ಲರೂ ಒಂದೇ ಅಂತ ನಿನ್ನ ಅಧ್ಯಕ್ಷ ಹೇಳುತ್ತಾನಲ್ಲ, ಹಾಗಿದ್ದರೆ ನನ್ನ ಮನೆ ನನಗೆ ಕೊಡಿಸಲಿ. ಕೊಡಿಸಿದ ದಿನ ಮಗಳನ್ನು ಕೊಡುತ್ತೇನೆ. ಇಲ್ಲದಿದ್ದರೆ ನಿಮ್ಮ ಜನಕ್ಕೆ ನನ್ನ ಮಗಳಿಲ್ಲ. ಇವನು ಹಿಂದೆ ಮುಂದೆ ನೋಡದೆ ಆಗಲಿ ಅಂದುಬಿಟ್ಟಿದ್ದ. ಅಧ್ಯಕ್ಷ ಆಡಿದ ಮಾತಿಗೆ ತಪ್ಪುವವನಲ್ಲ ಅನ್ನುವ ಧೈರ್ಯ.

ಅವ್ವ ಎಲ್ಲ ಕೇಳಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಲ್ಲ ಕಣ್ಲಾ ಭಾನಪ್ಪ, ಮದ್ವೆ ಆಗೋನು ನೀನೋ ಆ ಟೋಪಿಯವ್ನೋ?"

ನಾನು ಒಂದು ಮಾತೂ ಬಿಡದೆ ದಾಟಿಸಿದೆ. ಭಾನಪ್ಪ ಬಿದ್ದು ಬಿದ್ದು ನಕ್ಕ. "ನೋಡ್ತಾ ಇರಿ ಅವ್ವ" ಅಂತ ಕನ್ನಡದಲ್ಲೇ ಹೇಳಿದ. ಅಷ್ಟು ಕನ್ನಡ ಬಂದಿತ್ತು ಆಗ.

ಕನ್ನಡ ಬಂದದ್ದು ಗದ್ದೆಯಲ್ಲಿ. ನಾಟಿ ಸುಗ್ಗಿಯಲ್ಲಿ ನಮ್ಮ ಕಡೆ ಮುಯ್ಯಾಳು ಹೋಗುವುದು ಉಂಟು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಒಬ್ಬರು, ಇನ್ನೊಂದು ದಿನ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಒಬ್ಬರು. ಕೂಲಿ ಇಲ್ಲ, ಊಟ ಮಾತ್ರ. ಕೆಲಸಕ್ಕೆ ಕೆಲಸ ತೀರಿಸಬೇಕು, ಅದೇ ಮುಯ್ಯಿ. ತೀರಿಸದವನ ಮನೆಗೆ ಮಾರನೆಯ ವರ್ಷ ಯಾರೂ ಹೋಗುವುದಿಲ್ಲ. ಭಾನಪ್ಪ ಮೊದಲ ದಿನ ಪಕ್ಕದ ಬೋರಣ್ಣನ ಗದ್ದೆಗೆ ಹೋದವನು ಸೀದಾ ಹೆಂಗಸರ ಸಾಲಿನಲ್ಲಿ ಬಗ್ಗಿ ನಿಂತು ಪೈರು ನೆಡತೊಡಗಿದ. ಗಂಡಸರು ಸಸಿ ಕಿತ್ತುಕೊಡುವುದು, ಹೆಂಗಸರು ನೆಡುವುದು ಅಂತ ಅವನಿಗೆ ಯಾರು ಹೇಳಬೇಕು? ಹೇಳಬೇಕಾದವಳು ನಾನು, ನಗುವುದರಲ್ಲೇ ಇದ್ದೆ. ಹೆಂಗಸರು ಅವನ ಉದ್ದ ಕಾಲಿನ ಮೇಲೆ ಅಲ್ಲೇ ಪದ ಕಟ್ಟಿ ಹಾಡಿದರು. ಮಧ್ಯಾಹ್ನದ ಹೊತ್ತಿಗೆ ಇವನೂ ಆ ಪದದ ಕೊನೆಯನ್ನು ಅವರ ಜೊತೆ ಎಳೆದು ಹಾಡುತ್ತಿದ್ದ.

ಆಮೇಲೆ ಊರಿನ ಯಾವ ಗದ್ದೆ ಕಂಡರೂ ಇಳಿದುಬಿಡುತ್ತಿದ್ದ. ಈ ಮುಯ್ಯಿ ಯಾರಿಗೆ ಸೇರಬೇಕು ಅಂತ ಜಗಳವೇ ಆಯಿತು. "ನಮ್ಮನೆ ಆಳು, ನಮಗೇ ಸೇರ್ಬೇಕು" ಅಂತ ಅಪ್ಪ. "ಬೆವರು ಅವುಂದು, ನಿಂಗ್ಯಾಕ್ ಸೇರ್ತದೆ? ನಾಚ್ಕೆ ಆಗಕಿಲ್ವಾ?" ಅಂತ ಅವ್ವ. ಭಾನಪ್ಪನಿಗೇ ಸೇರಬೇಕು ಅಂತ ತೀರ್ಮಾನವಾಯಿತು. ಗದ್ದೆಯೇ ಇಲ್ಲದವನಿಗೆ ಹೇಗೆ ತೀರಿಸುವುದು ಅಂತ ಯಾರಿಗೂ ತಿಳಿಯಲಿಲ್ಲ. ಬೋರಣ್ಣ ಮಾತ್ರ ಅವನನ್ನು ಕಂಡಾಗಲೆಲ್ಲ "ನಿನ್ ಮುಯ್ಯಿ ನನ್ ತಲೆ ಮ್ಯಾಲೈತೆ ಕಣಪ್ಪ" ಅಂತ ಕೊರಗುತ್ತಿದ್ದ.

ಅಕ್ಟೋಬರ್ ಒಂದು ಅವರ ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ. ಅಧ್ಯಕ್ಷ ಅವತ್ತು ಭಾಷಣ ಮಾಡುತ್ತಾನೆ, ಪೂರ್ವದವರ ಮನೆಗಳನ್ನು ಹಿಂದಿರುಗಿಸುವ ಮಾತು ಅದರಲ್ಲಿ ಬಂದೇ ಬರುತ್ತದೆ ಅಂತ ಅವನ ಸ್ನೇಹಿತರು ಬರೆದಿದ್ದರಂತೆ. ಭಾನಪ್ಪ ಕುಣಿದಾಡಿಬಿಟ್ಟ. ನ್ಗೋಜಿಯ ತಂದೆಗೂ ಆ ದಿನ ರೇಡಿಯೋ ಕೇಳಿ ಅಂತ ಹೇಳಿಕಳಿಸಿದ. ಇಲ್ಲಿ ಒಂದು ಒಳ್ಳೆ ಮರಿ ಹಿಡಿದು, ಭಾಷಣದ ದಿನ ಬೋರಣ್ಣನ ಆಲೆಮನೆಯಲ್ಲಿ ಬಾಡೂಟ ಅಂತ ಸಾರಿದ. ಮದುವೆ ಗೊತ್ತಾಗುವ ಮೊದಲೇ ಮದುವೆ ಊಟ ಹಾಕಿದವನನ್ನು ನಾನು ಬೇರೆ ಕಂಡಿಲ್ಲ.

ಅವತ್ತು ದೀಪ ಹಚ್ಚುವ ಹೊತ್ತಿಗೆ ಒಂದು ಕಡೆ ಕೊಪ್ಪರಿಗೆಯಲ್ಲಿ ಪಾಕ, ಇನ್ನೊಂದು ಕಡೆ ಹಂಡೆಯಲ್ಲಿ ಬಾಡು, ನಡುವೆ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಟ್ರಾನ್ಸಿಸ್ಟರು. ಗಾಣ ನಿಲ್ಲಿಸಿದರು. ಇಂಗ್ಲಿಷಿನ ಸುದ್ದಿ ಬಂತು. ಒಂದು ಅಕ್ಷರ ತಿಳಿಯದಿದ್ದರೂ ಎಲ್ಲರೂ ಉಸಿರು ಬಿಗಿ ಹಿಡಿದು ಕೂತಿದ್ದರು. ನನಗೆ ಅರ್ಧ ತಿಳಿಯಿತು. ಚುನಾವಣೆ ಈಗಲೇ ಇಲ್ಲ, ದೇಶದ ಒಗ್ಗಟ್ಟು ಮುಖ್ಯ, ಒಗ್ಗಟ್ಟು, ಒಗ್ಗಟ್ಟು. ಮನೆಗಳ ಮಾತು ಬರಲೇ ಇಲ್ಲ. ಸುದ್ದಿ ಮುಗಿದು ಯಾವುದೋ ಸಂಗೀತ ಶುರುವಾಯಿತು. ಭಾನಪ್ಪ ಇನ್ನೂ ಕಿವಿ ಕೊಟ್ಟು ಕೂತೇ ಇದ್ದ.

"ಏನಂತಮ್ಮಿ?" ಅಂತ ಅಪ್ಪ ಮೆಲ್ಲಗೆ ಕೇಳಿದ. ಹೇಳಿದೆ. "ಟೋಪಿ ಆಕ್ಬುಟ್ನಲ್ಲೋ!" ಅಂತ ಬೋರಣ್ಣ ತೊಡೆ ತಟ್ಟಿಕೊಂಡ. ಅದನ್ನು ನಾನು ದಾಟಿಸಲಿಲ್ಲ. ಅಪ್ಪ ಸಮಾಧಾನ ಮಾಡುತ್ತೇನೆ ಅಂತ ಹೋಗಿ, "ನಮ್ ಸೊಸೈಟಿ ಅಧ್ಯಕ್ಸನೂ ಗೊಬ್ರ ಕೊಡುಸ್ತೀನಿ ಕೊಡುಸ್ತೀನಿ ಅಂತ ಮೂರ್ ವರ್ಸ ತಳ್ದ, ಯಾವ್ ಅಧ್ಯಕ್ಸ ಆದ್ರೂ ಅಷ್ಟೇಯ" ಅಂದ. ಅದನ್ನೂ ದಾಟಿಸಲಿಲ್ಲ.

ಭಾನಪ್ಪ ನನ್ನ ಕಡೆ ನೋಡಿದ. "ಜಯಾ, ನ್ಗೋಜಿಯ ತಂದೆಯೂ ಈಗ ಇದನ್ನೇ ಕೇಳಿದ್ದಾರೆ. ರೇಡಿಯೋ ಮುಂದೆ ಅವರನ್ನು ಕೂರಿಸಿದವನು ನಾನು" ಅಂದ. ಅಷ್ಟು ದೊಡ್ಡ ಆಳು, ಕೈಯಲ್ಲಿದ್ದ ಕಬ್ಬಿನ ಸಿಪ್ಪೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಕೂತ. ಆ ಅಧ್ಯಕ್ಷ ಎದುರಿಗೆ ಸಿಕ್ಕಿದ್ದರೆ ಅವತ್ತು ನಾನು ಬಾಯಿಗೆ ಬಂದ ಹಾಗೆ ಬೈದಿರುತ್ತಿದ್ದೆ, ಇಂಗ್ಲಿಷಿನಲ್ಲೇ.

ಅವ್ವ ಎಲೆ ಹಾಕಿದಳು. "ಏಳ್ಲಾ, ಉಣ್ಣು."

"ಅಸಿವಿಲ್ಲ ಅವ್ವ" ಅಂದ ಭಾನಪ್ಪ, ನಮ್ಮ ಊರಿನವರ ಹಾಗೇ.

"ಆ ಟೋಪಿಯವ್ನು ತಪ್ ಮಾಡುದ್ರೆ ಬಾಡೇನ್ಲಾ ಮಾಡ್ತು ನಿಂಗೆ? ಬೆಂದು ಕೂತೈತೆ. ನೀನ್ ಉಣ್ದೇ ಇಲ್ಲಿ ಯಾರೂ ಕೈ ಇಕ್ಕಕಿಲ್ಲ, ನೋಡು" ಅಂದಳು. ನಿಜಕ್ಕೂ ಯಾರೂ ಕೈ ಇಡಲಿಲ್ಲ. ಅಂಥ ಬಾಡಿನ ವಾಸನೆಯ ಮುಂದೆ ನಮ್ಮ ಬೋರಣ್ಣ ಕೈ ಕಟ್ಟಿಕೊಂಡು ಕೂತದ್ದು ಅದೊಂದೇ ಸಲ. ಕಡೆಗೆ ಭಾನಪ್ಪ ಎದ್ದು ಬಂದು ಉಂಡ.

ಶುಕ್ರವಾರ ಬಂತು. ಅವ್ವ ಸಾಲಾಗಿ ಕುಂಕುಮ ಇಡುತ್ತಾ ಬಂದು ಅಧ್ಯಕ್ಷನ ಮುಂದೆ ಬೆರಳು ಎತ್ತಿ ನಿಂತಳು. "ಇಕ್ಲಾ, ಬ್ಯಾಡ್ವಾ?" ಅಂತ ಭಾನಪ್ಪನನ್ನೇ ಕೇಳಿದಳು. ಅವನು ಹತ್ತಿರ ಬಂದು ಆ ಫೋಟೋ ನೋಡಿದ. ಆಮೇಲೆ ನನಗೆ ಇಂಗ್ಲಿಷಿನಲ್ಲಿ, "ಕೆಟ್ಟವನಲ್ಲ ಜಯಾ. ಒಗ್ಗಟ್ಟು ಅಂದರೆ ಬರೀ ಹೇಳುವ ಮಾತು ಅಂದುಕೊಂಡಿದ್ದಾನೆ. ನಾನೂ ಅವನು ಹೇಳಿದರೆ ಆಗಿಹೋಯಿತು ಅಂದುಕೊಂಡಿದ್ದೆ" ಅಂದ. ಅವ್ವನ ಕಡೆ ತಿರುಗಿ, "ಇಡಿ ಅವ್ವ, ಬುದ್ದಿ ಬರ್ಲಿ" ಅಂದ. ಅವ್ವ ಎಂದಿಗಿಂತ ದೊಡ್ಡದಾಗಿ ಇಟ್ಟಳು.

ಆದರೆ ಅವನ ನಗು ಹೋಗಿತ್ತು. ಕಬ್ಬು ಕಡಿಯುತ್ತಿದ್ದ, ಪಾಕ ಕದಡುತ್ತಿದ್ದ, ಅಚ್ಚಿಗೆ ಹುಯ್ಯುತ್ತಿದ್ದ, ಕರೆದರೆ ಮಾತ್ರ ಮಾತು. ಒಂದು ದಿನ ಹಗಲು ಆಲೆಮನೆಯಲ್ಲಿ ಅಪ್ಪ, ಅವ್ವ, ನಾನು ಎಲ್ಲ ಇದ್ದಾಗ ಬೋರಣ್ಣ ಪಾಕದ ಸೌಟು ಕೆಳಗಿಟ್ಟು, ಏನೋ ನಿರ್ಧಾರ ಮಾಡಿದವನ ಹಾಗೆ ನನ್ನನ್ನು ಕರೆದ.

"ನೋಡಮ್ಮಿ ಜಯಿ, ಇವ್ನಿಗ್ ಯೇಳು. ನಿನ್ ಮುಯ್ಯಿ ನಮ್ ಊರ್ ಮ್ಯಾಲೆ ಐತೆ. ಆ ಮುದುಕಪ್ಪಂಗೆ ಬೇಕಾಗಿರೋದು ಮನೆ ತಾನೇ? ಆ ಪಟ್ಣದ್ ಮನೆ ಓದ್ರೆ ಓಗ್ಲಿ ಬುಡು. ಅವ್ರ ಅಳ್ಳೀಲೇ ಒಂದ್ ಮನೆ ಎತ್ತಾನ. ನಾವೊಂದ್ ಅತ್ ಜನ ಓಗ್ತೀವಿ. ಗೋಡೆ ನಾನ್ ನೋಡ್ಕತೀನಿ. ಮಂಗ್ಳೂರ್ ತಾವ ಅಡಗು ಅತ್ತುದ್ರೆ ಬೆಳಗಾನ ಓಗ್ಬೋದಾ ಕೇಳು."

"ಮಂಗ್ಳೂರಲ್ಲ ಕಣ್ಲಾ, ಬೊಂಬಾಯಿಂದ ಓಗ್ಬೇಕು" ಅಂದ ಅಪ್ಪ, ಎಲ್ಲ ತಿಳಿದವನ ಗತ್ತಿನಲ್ಲಿ. "ಕಬ್ ಕಡ್ಯಾದ್ ಮುಗೀಲಿ. ಎಂಚು ಅಲ್ಲೇ ಸಿಗ್ತದಾ, ಇಲ್ಲಿಂದ್ಲೇ ಒತ್ಕಂಡ್ ಓಗ್ಬೇಕಾ?"

ತಮಾಷೆಯಲ್ಲ, ಇಬ್ಬರೂ ನಿಜವಾಗಿಯೇ ಹೇಳುತ್ತಿದ್ದರು. ಬೋರಣ್ಣ ಶಿವನಸಮುದ್ರ ದಾಟಿ ಆಚೆ ಹೋದವನಲ್ಲ. ನಾನು ನಗು ತಡೆಯಲಾರದೆ ಕಣ್ಣಲ್ಲಿ ನೀರು ತುಂಬಿಕೊಂಡೇ ದಾಟಿಸಿದೆ. ಭಾನಪ್ಪ ನಗಲಿಲ್ಲ. "ಇನ್ನೊಂದು ಸಲ ಹೇಳು" ಅಂದ. ಹೇಳಿದೆ. ಅವನು ಎದ್ದು ನಿಂತ. ಕೊಪ್ಪರಿಗೆಯ ಸುತ್ತ ಒಂದು ಸುತ್ತು ಬಂದ. ಆಮೇಲೆ ಗಡಗಡನೆ ಮಾತಾಡತೊಡಗಿದ, ನನಗೆ ಹಿಡಿದು ದಾಟಿಸುವುದೇ ಕಷ್ಟವಾಯಿತು.

ಅವನ ಊರಿನಲ್ಲೂ ಮುಯ್ಯಿ ಉಂಟಂತೆ. ಗೆಡ್ಡೆಯ ಹೊಲಕ್ಕೆ ಊರೇ ಇಳಿಯುತ್ತದೆ, ಒಬ್ಬರಾದ ಮೇಲೆ ಒಬ್ಬರ ಹೊಲ. ಅವನ ಅಪ್ಪ ಜೀವನವೆಲ್ಲ ಎಲ್ಲರ ಹೊಲಕ್ಕೂ ಹೋದವನು, ಅವನ ಮುಯ್ಯಿ ಅರ್ಧ ಊರಿನ ಮೇಲಿದೆ. ಆ ಜನರನ್ನೇ ಕರೆದುಕೊಂಡು ಹೋಗಿ ಮುದುಕನ ಹಳ್ಳಿಯಲ್ಲಿ ಮನೆ ಎತ್ತಿಸಿಕೊಟ್ಟರೆ? ಇಷ್ಟು ದಿನ ಇದು ತನಗೇಕೆ ಹೊಳೆಯಲಿಲ್ಲ?

"ಮತ್ತಿನ್ನೇನ್ಲಾ, ಓಗು" ಅಂದಳು ಅವ್ವ.

ಅಷ್ಟು ಸುಲಭವಿರಲಿಲ್ಲ. ಯುದ್ಧ ಆದ ಮೇಲೆ ಇವನ ಕಡೆಯ ಜನ ಗುಂಪಾಗಿ ಆ ಕಡೆ ಕಾಲಿಟ್ಟಿರಲಿಲ್ಲ. ಯುದ್ಧದಲ್ಲಿ ಹೋದವರು ಬಂದೂಕು ಹಿಡಿದು ಹೋಗಿದ್ದರು. ಈಗ ಗುದ್ದಲಿ ಹಿಡಿದು ಹೋದರೂ ಆ ಹಳ್ಳಿ ಬಾಗಿಲು ಹಾಕಿಕೊಂಡೀತು. ಮುದುಕ ಬರಬೇಡಿ ಅಂದರೆ ಅಲ್ಲಿಗೆ ಹುಡುಗಿಯ ಆಸೆಯೂ ಮುಗಿದಂತೆ. ಕೇಳದೆ ಹೋಗುವಂತಿಲ್ಲ, ಕೇಳಲು ಭಯ.

ಕೇಳಿಸಿದವಳು ಅವ್ವನೇ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಅಪ್ಪನನ್ನೂ ನನ್ನನ್ನೂ ಜೊತೆ ಮಾಡಿ ಭಾನಪ್ಪನನ್ನು ಮದ್ದೂರಿನ ಅಂಚೆ ಕಚೇರಿಗೆ ಅಟ್ಟಿದಳು. ಟೆಲಿಗ್ರಾಂ ತೆಗೆದುಕೊಳ್ಳುವ ಗುಮಾಸ್ತರು ನೈಜೀರಿಯಾ ಅನ್ನುವ ಹೆಸರನ್ನು ಎರಡು ಸಲ ಓದಿ, ಒಳಗೆ ಹೋಗಿ ಕೇಳಿಕೊಂಡು ಬಂದರು. ಭಾನಪ್ಪ ಬರೆದ, ಹೊಡೆದು ಹಾಕಿದ, ಮತ್ತೆ ಬರೆದ. ಅಧ್ಯಕ್ಷರಿಗೆ ಕಾಯಬೇಡಿ. ನಿಮ್ಮ ಹಳ್ಳಿಯಲ್ಲಿ ಮನೆ ಕಟ್ಟಲು ನಮ್ಮ ಊರಿನವರನ್ನು ಕರೆತರುತ್ತೇನೆ. ಬರಬಹುದೇ? ಅಷ್ಟೇ. ಮಗಳ ಮಾತು ಬರೆಯಲಿಲ್ಲ. ಯಾಕೆ ಅಂತ ಕೇಳಿದೆ. "ಮನೆ ಕಟ್ಟುತ್ತೇನೆ, ಹುಡುಗಿ ಕೊಡಿ ಅಂದರೆ ಅದು ವ್ಯಾಪಾರ" ಅಂದ. ಅವತ್ತು ಅವನ ಮೇಲೆ ನನಗೆ ಬಂದ ಗೌರವ ಇವತ್ತಿಗೂ ಇಳಿದಿಲ್ಲ.

ಉತ್ತರ ಬರಲಿಲ್ಲ. ಆಯುಧಪೂಜೆ ಬಂತು, ಗಾಣಕ್ಕೆ ಹೂ ಮುಡಿಸಿದೆವು. ಗದ್ದೆಗಳು ಹಳದಿಗೆ ತಿರುಗಿದವು. ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿದರೆ ಭಾನಪ್ಪ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದುಕೊಂಡು ನಿಲ್ಲುತ್ತಿದ್ದ. ಬೋರಣ್ಣ ದಿನಾ ಒಂದು ಸಲ ಬಂದು, "ಬೊಂಬಾಯ್ ರೈಲ್ಗೆ ಯೇಳ್ಬುಡಾನಾ?" ಅಂತ ಕೇಳಿ ಹೋಗುತ್ತಿದ್ದ. ಇನ್ನು ಬರುವುದೇ ಇಲ್ಲ ಅನ್ನಿಸುವಷ್ಟು ದಿನವಾದ ಮೇಲೆ, ಅವ್ವ ಅಂಗಳದಲ್ಲಿ ರಾಗಿ ಕೇರುತ್ತಿದ್ದಾಗ, ಮದ್ದೂರಿನ ಅಂಚೆಯವನು ಬಂದು ಸೈಕಲ್ ಗೋಡೆಗೆ ಒರಗಿಸಿ ಟೆಲಿಗ್ರಾಂ ತೆಗೆದ.

ಭಾನಪ್ಪ ಕೈ ಚಾಚಲಿಲ್ಲ. "ನೀನು ಓದು" ಅಂದ ನನಗೆ. ಬಿಡಿಸಿದೆ. ಕೆಳಗೆ ಮುದುಕನ ಹೆಸರು, ಮೇಲೆ ಒಂದೇ ಸಾಲು. ಬರಬಹುದು ಅಂತಲೂ ಇಲ್ಲ, ಬರಬೇಡಿ ಅಂತಲೂ ಇಲ್ಲ. ಇಂಗ್ಲಿಷಿನಲ್ಲಿ ಓದಿದೆ. ಭಾನಪ್ಪ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

"ಏನಂತಮ್ಮಿ? ಬ್ಯಾಡ ಅಂದ್ನಾ?" ಅವ್ವ ಮೊರ ಬಿಟ್ಟು ಎದ್ದಳು. "ಯೇಳೇ!"

"ಎಷ್ಟು ಜನ ಬರ್ತೀರಿ, ಅಡುಗೆ ಮಾಡಿಸಬೇಕು ಅಂತ ಕೇಳವ್ರೆ ಅವ್ವ."

ಅವ್ವ ಬೀದಿಗೆಲ್ಲ ಕೇಳುವಂತೆ, "ಎಣ್ಣು ಕೊಟ್ಟಂಗೇ ಕಣ್ಲಾ ಭಾನಪ್ಪ! ಎಣ್ಣು ಕೊಟ್ಟಂಗೇ!" ಅಂತ ಕೂಗಿದಳು. ಅವನು ಅಳುತ್ತಿದ್ದನೋ ನಗುತ್ತಿದ್ದನೋ, ಆ ಅಗಲವಾದ ಬೆನ್ನು ಮಾತ್ರ ಕುಲುಕುತ್ತಿತ್ತು. ಅವ್ವ ರಾಗಿ ಮೆತ್ತಿದ ಕೈಯಲ್ಲೇ ಅವನ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳ್ಲಾ ಮ್ಯಾಕೆ, ಎಷ್ಟ್ ಜನ ಅಂತ ಬರಿ ಓಗು. ಆ ಎಣ್ಣಿನವ್ವ ಅಲ್ಲಿ ಒಲೆ ಮುಂದೆ ಕಾಯ್ತಾ ಕೂತಿರ್ತಾಳೆ."